ಗಿರಣಿಯ ತೊಟ್ಟಿಲು ಮನೆಗೆ ಬರಲಿಲ್ಲ

ಸೊಲ್ಲಾಪುರದ ಜುನಿ ಮಿಲ್ 1877ರಲ್ಲಿ ನೂಲು ತೆಗೆಯತೊಡಗಿದಾಗ, ಕೆಲಸಕ್ಕೆ ಬಂದ ಬಾಣಂತಿಯ ಕೂಸು ಎಲ್ಲಿರಬೇಕೆಂದು ಯಾವ ಕಾಯ್ದೆಯೂ ಕೇಳುತ್ತಿರಲಿಲ್ಲ. ಕೇಳುವಂತೆ ಮಾಡಿದ್ದು ಅಫೀಮು.

ಮುಂಬೈ ಗಿರಣಿಗಳ ಹೆಂಗಸರು ಪಾಳಿ ಮುಗಿಯುವ ತನಕ ಕೂಸು ಏಳದಿರಲೆಂದು 'ಬಾಳಾಗೋಳಿ' ಎಂಬ ಅಫೀಮಿನ ಗುಳಿಗೆ ತಿನ್ನಿಸುತ್ತಿದ್ದರು. ಮುಂಬೈ ಸರ್ಕಾರ ನೇಮಿಸಿದ ವೈದ್ಯೆ ಡಾ. ಫ್ಲಾರೆನ್ಸ್ ಬಾರ್ನ್ಸ್ 1922ರಲ್ಲಿ ಕೊಟ್ಟ ವರದಿಯಂತೆ, ಆ ಕೆಲಸಗಾರ್ತಿಯರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಬೀಳುತ್ತಿತ್ತು. ತಾಯಂದಿರನ್ನು ಬೈಯುವುದು ಸುಲಭ. ಆದರೆ ಅವರ ಮುಂದಿದ್ದ ಇನ್ನೊಂದು ದಾರಿಯೆಂದರೆ ಕೂಸನ್ನು ಒಳಗೇ ತಂದು, ಹತ್ತಿಯ ದೂಳಿನಲ್ಲಿ, ಓಡುವ ಪಟ್ಟಿಗಳ ಪಕ್ಕ ಮಲಗಿಸುವುದು.

ಕಾರ್ಮಿಕರ ಸ್ಥಿತಿ ನೋಡಲು ಬಂದ ವಿಟ್ಲೆ ಆಯೋಗ 1931ರಲ್ಲಿ ಶಿಶುಗೃಹ ಬೇಕೆಂದಿತು. 50ಕ್ಕೂ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೊಂದು ಕೋಣೆ ಇಡಿಸುವ ಅಧಿಕಾರವನ್ನು 1934ರ ಕಾರ್ಖಾನೆ ಕಾಯ್ದೆ ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. 1948ರ ಕಾಯ್ದೆ ಆ ಕೋಣೆಯನ್ನು ಕಡ್ಡಾಯ ಮಾಡಿತು. 1976ರಲ್ಲಿ 50 ಎಂಬುದು 30ಕ್ಕೆ ಇಳಿಯಿತು.

ಅಷ್ಟರಲ್ಲಿ ಸೊಲ್ಲಾಪುರದ ಹೆಂಗಸರ ಇನ್ನೊಂದು ದುಡಿಮೆಯಾದ ಬೀಡಿ ಕೆಲಸ ಕಾರ್ಖಾನೆಯಿಂದ ಹೊರಬಿದ್ದಿತ್ತು. 1966ರ ಬೀಡಿ ಕಾಯ್ದೆ ಶಿಶುಗೃಹವನ್ನೂ ಕೇಳಿತು. ಮಾಲೀಕರು ಜಾಣರು, ಎಲೆ-ತಂಬಾಕು ತೂಗಿ ಕೊಟ್ಟು, ಮನೆಯಲ್ಲೇ ಕಟ್ಟಿ ತನ್ನಿ ಎಂದರು. ಚಾವಣಿಯೇ ಇಲ್ಲದಲ್ಲಿ ಶಿಶುಗೃಹ ಎಲ್ಲಿಯದು?

ಈಗ ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಹಿಡಿದರೆ ಕುಂಭಾರಿ ಸಿಗುತ್ತದೆ. ಅಲ್ಲಿ 2006ರಲ್ಲಿ ಕಮ್ಯುನಿಸ್ಟ್ ನಾಯಕಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ ಬೀಡಿ ಹೆಂಗಸರಿಗೆ 10,000 ಮನೆಗಳಾದವು. ಪಕ್ಕದ ರಾಯನಗರದಲ್ಲಿ 2024ರ ಜನವರಿಯಲ್ಲಿ ಮೊದಲ 15,000 ಮನೆಗಳು ಕೈಸೇರಿದವು. ಸಣ್ಣ ಸಾಧನೆಯಲ್ಲ. ಆದರೆ ಬೀಡಿ ಕಟ್ಟುವ ಕೋಣೆಯೇ ಕಾರ್ಖಾನೆ, ಅದೇ ಅಡುಗೆಮನೆ. ತಾಯಿಯ ತೊಡೆಯ ಮೇಲಿನ ಮೊರದಲ್ಲಿ ತಂಬಾಕು, ಕೈಗೆಟುಕುವಲ್ಲಿ ಕತ್ತರಿ. ಅಂಬೆಗಾಲಿಡುವ ಮಗು ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ಸ್ವಲ್ಪ ತಂಬಾಕು ಹೊಟ್ಟೆಗೆ ಹೋದರೂ ನಿಕೋಟಿನ್ ವಿಷ ಏರಿ ವಾಂತಿಯಾಗುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಮೊರವನ್ನು ಮೊಳೆಗೆ ತೂಗುಹಾಕಿ, ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯಿರಿ ಎಂದು ಹೇಳಬಹುದು. ಆದರೆ ಬೀಡಿಯ ಲೆಕ್ಕ ಮುಟ್ಟಿಸಬೇಕಾದವಳ ಮೊರ ಮೊಳೆಗೇರುವುದು ರಾತ್ರಿಗೇ.

2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೂ ಶಿಶುಗೃಹಕ್ಕೆ 50 ನೌಕರರನ್ನು ಕೇಳಿತು. ಈ ಮನೆಯಲ್ಲಿ ನೌಕರಳು ಒಬ್ಬಳೇ. ಗಡಿಯಾಚೆ ಇಂಡಿ, ಆಳಂದಗಳಿರುವ ಕರ್ನಾಟಕ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ತಂದಿತು, ನರೇಗಾ ಕೂಲಿಗೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗಾಗಿ. ಅಲ್ಲಿ ಒಂದೇ ಚಾವಣಿಯಡಿ ಎಷ್ಟು ಹೆಂಗಸರಿದ್ದಾರೆಂದು ಯಾರೂ ಎಣಿಸುವುದಿಲ್ಲ. ಬೀಡಿ ಒಪ್ಪಿಸುವ ಬ್ರಾಂಚಿನ ಪುಸ್ತಕದಲ್ಲಿ ಕೆಲಸಗಾರ್ತಿಯರ ಹೆಸರಿರುತ್ತದೆ. ಎಣಿಸುವುದಾದರೆ ಅದನ್ನು ಎಣಿಸಲಿ, ಬ್ರಾಂಚಿನ ಮಗ್ಗುಲಿಗೇ ಒಂದು ಕೂಸಿನ ಮನೆ ಏಳಲಿ. ಅದರ ಖರ್ಚು ಬೀಡಿ ಕಂಪನಿಯದಾಗಬೇಕು.