ಅಂಗಡಿಯ ಸಿಸಿಟಿವಿ ಮೊಬೈಲಿನಲ್ಲಿ ಕಾಣಬೇಕೇ? ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ

ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದರೂ ಮಾತು ಕನ್ನಡ, ಹತ್ತಿರದ ದೊಡ್ಡ ಪೇಟೆ ಚಾಮರಾಜನಗರ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಈ ಭಾಗದಲ್ಲೇ. ಇಲ್ಲಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ಹುಲಿ ಸಂರಕ್ಷಿತ ಕಾಡಿನ ನಡುವೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ದಾಟಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಲ್ಲಿ ಈ ಘಾಟಿಯ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಸಾಮಾನು ತರಲು ಹೋದ ಅಂಗಡಿಯವರಿಗೆ ತಡವಾದರೆ ಆ ರಾತ್ರಿ ಅಂಗಡಿ ಕಡೆ ಹೋಗಿ ನೋಡುವ ಮಾತೇ ಇಲ್ಲ. ಕ್ಯಾಮರಾ ಹಾಕಿಸಿದ್ರೆ ಸಾಲದು, ಅದು ಮೊಬೈಲಿನಲ್ಲಿ ಕಾಣಬೇಕು ಎಂದು ಇಂಥ ಊರಿನ ವ್ಯಾಪಾರಿಗಳು ಕೇಳುವುದು ಇದಕ್ಕೇ. ಅಂಗಡಿ ಪುತ್ತೂರು, ಬಂಟ್ವಾಳದಲ್ಲಿ, ಮಾಲಕರು ದುಬೈ, ದಮ್ಮಾಮ್‌ನಲ್ಲಿ ಇರುವ ಮನೆಗಳದ್ದೂ ಇದೇ ಬೇಡಿಕೆ.

ಸಣ್ಣ ಅಂಗಡಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕ್ಯಾಮರಾ, ಅವುಗಳ ದೃಶ್ಯ ರೆಕಾರ್ಡ್ ಆಗುವ ಒಂದು ಡಿವಿಆರ್ ಪೆಟ್ಟಿಗೆ ಇರ್ತದೆ. ಆ ಪೆಟ್ಟಿಗೆಯಿಂದ ರೂಟರ್‌ಗೆ ಒಂದು ಲ್ಯಾನ್ ಕೇಬಲ್ ಹೋಗಬೇಕು. ಫೈಬರ್ ಲೈನ್ ಬಾರದ ಗುಡ್ಡದ ಊರಲ್ಲಿ ಸಿಮ್ ಹಾಕುವ 4ಜಿ ರೂಟರೇ ಗತಿ. ಇಲ್ಲಿ ಹಲವರು ಎಡವುವುದು ವೇಗದ ಲೆಕ್ಕದಲ್ಲಿ. ಡೌನ್‌ಲೋಡ್ ಎಷ್ಟಿದೆ ಎಂದು ನೋಡಿ ಖುಷಿಪಡ್ತಾರೆ. ಆದರೆ ಅಂಗಡಿಯಿಂದ ದೃಶ್ಯ ಹೊರಗೆ ಹೋಗಬೇಕಲ್ಲ, ಅದಕ್ಕೆ ಬೇಕಾದದ್ದು ಅಪ್‌ಲೋಡ್. ಮೊಬೈಲಿಗೆ ಕಳಿಸುವ ಹಗುರ ದೃಶ್ಯವನ್ನು, ಅಂದ್ರೆ ಡಿವಿಆರ್ ಮೆನುವಿನ ಸಬ್ ಸ್ಟ್ರೀಮನ್ನು, ಅರ್ಧ ಎಂಬಿಪಿಎಸ್‌ಗೆ ಇಟ್ಟರೆ ನಾಲ್ಕು ಕ್ಯಾಮರಾ ಒಟ್ಟಿಗೆ ನೋಡಲು 2 ಎಂಬಿಪಿಎಸ್ ಅಪ್‌ಲೋಡ್ ಬೇಕು. ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ ಅಡಗಿಸಿಟ್ಟರೆ ಅದೂ ಸಿಗುವುದಿಲ್ಲ. ಟವರ್ ಇರುವ ದಿಕ್ಕಿನ ಕಿಟಕಿಯ ಹತ್ತಿರ, ಸ್ವಲ್ಪ ಎತ್ತರದಲ್ಲಿ ಇಡಬೇಕು.

ಇನ್ನು ಹೊರಗಿನಿಂದ ಒಳಗೆ ಬರುವ ದಾರಿ. ಹಳೆಯ ಕ್ರಮದಲ್ಲಿ ಟೆಕ್ನಿಷಿಯನ್ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತಿದ್ದ. ಹಿಕ್‌ವಿಷನ್‌ಗೆ 8000, ದಹುವಾಕ್ಕೆ 37777 ಎಂದು ಬಾಗಿಲು ತೆರೆದಿಡುವುದು. ಸಿಮ್ ಇಂಟರ್‌ನೆಟ್‌ನಲ್ಲಿ ಇದು ಬಹುತೇಕ ನಡೆಯುವುದಿಲ್ಲ. ಕಂಪೆನಿ ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸಿರ್ತದೆ. ದೊಡ್ಡ ಫ್ಲ್ಯಾಟ್‌ಗೆ ಒಂದೇ ಗೇಟಿನ ವಿಳಾಸ ಇದ್ದ ಹಾಗೆ. ಒಳಗಿನ ಮನೆ ನಂಬ್ರ ಹೊರಗಿನವರಿಗೆ ಗೊತ್ತಾಗುವುದಿಲ್ಲ. ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ 10ರಿಂದ, ಇಲ್ಲವೇ 100.64ರಿಂದ 100.127ರ ಒಳಗಿನ ಅಂಕಿಯಿಂದ ಶುರುವಾದರೆ ಇದೇ ಸ್ಥಿತಿ ಎಂದು ತಿಳಿಯಬೇಕು. ಫೈಬರ್ ಸಂಪರ್ಕದಲ್ಲೂ ಈಗ ಇದು ಸಾಮಾನ್ಯ. ನಡೆಯದೇ ಇರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ತೆರೆದಿಟ್ಟ ಬಾಗಿಲಿನಲ್ಲಿ ಮಾಲಕ ಮಾತ್ರ ಬರುತ್ತಾನೆಂದು ಹೇಳಲಾಗದು.

ಈಗಿನ ದಾರಿ ಪಿಟುಪಿ. ಡಿವಿಆರ್ ತಾನೇ ಹೊರಗೆ ಹೋಗಿ ಕಂಪೆನಿಯ ಸರ್ವರ್ ಜತೆ ಸಂಪರ್ಕ ಇಟ್ಟುಕೊಳ್ತದೆ. ಮೊಬೈಲ್ ಆಪ್ ಕೂಡ ಅದೇ ಸರ್ವರನ್ನು ಕೇಳಿ ಡಿವಿಆರನ್ನು ಹುಡುಕ್ತದೆ. ಮೆನುವಿನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಪಿಟುಪಿ ಅಥವಾ ಪ್ಲ್ಯಾಟ್‌ಫಾರ್ಮ್ ಆಕ್ಸೆಸ್ ಆನ್ ಮಾಡಿ, ಸ್ಟೇಟಸ್ ಆನ್‌ಲೈನ್ ಎಂದು ಬಂದ ಮೇಲೆ ಆಪ್‌ನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯ್ತು. ಹಿಕ್‌ವಿಷನ್‌ಗೆ ಹಿಕ್-ಕನೆಕ್ಟ್, ದಹುವಾಕ್ಕೆ ಡಿಎಂಎಸ್‌ಎಸ್, ಬೇರೆ ಕಂಪೆನಿಗಳಿಗೆ ಅವುಗಳದ್ದೇ ಆಪ್. ಕೆಲಸ ಹತ್ತು ನಿಮಿಷದ್ದು.

ಆ ಹತ್ತು ನಿಮಿಷದಲ್ಲೇ ದೊಡ್ಡ ತಪ್ಪು ಆಗುವುದು. ಬೇಗ ಮುಗಿಯಲಿ ಎಂದು ಟೆಕ್ನಿಷಿಯನ್ ತನ್ನ ಮೊಬೈಲ್ ನಂಬ್ರದ ಖಾತೆಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡ್ತಾನೆ, ಪಾಸ್‌ವರ್ಡನ್ನು ಮಾಲಕರಿಗೆ ಹೇಳಿ ಹೋಗ್ತಾನೆ. ಹಿಕ್-ಕನೆಕ್ಟ್‌ನಂತಹ ಆಪ್‌ಗಳಲ್ಲಿ ಒಂದು ಡಿವಿಆರ್ ಒಂದೇ ಖಾತೆಗೆ ಅಂಟಿಕೊಳ್ತದೆ. ಆತ ಊರು ಬಿಟ್ಟರೆ, ಅಥವಾ ಜಗಳವಾದರೆ, ಅಲ್ಲಿಂದ ಬಿಡಿಸುವವರೆಗೆ ಮಾಲಕರು ತಮ್ಮದೇ ಪೆಟ್ಟಿಗೆಯನ್ನು ತಮ್ಮ ಖಾತೆಗೆ ಸೇರಿಸಲು ಆಗುವುದಿಲ್ಲ. ಅಷ್ಟೂ ದಿನ ಗಲ್ಲಾಪೆಟ್ಟಿಗೆ, ಬರುವ ಗ್ರಾಹಕರು, ಅಂಗಡಿ ಹಿಂದೆಯೇ ಮನೆ ಇದ್ದರೆ ಮನೆಮಂದಿ ಓಡಾಡುವುದು, ಎಲ್ಲವೂ ಆತನ ಮೊಬೈಲಿನಲ್ಲಿ ಕಾಣ್ತಿರ್ತದೆ. ಖಾತೆ ಮಾಲಕರ ನಂಬ್ರದಲ್ಲೇ, ಮಾಲಕರ ಮೊಬೈಲಿನಲ್ಲೇ ತೆರೆಯಬೇಕು. ಗಲ್ಫ್‌ನಲ್ಲಿರುವ ಮಗನಿಗೂ ನೋಡಬೇಕಾದರೆ ಪಾಸ್‌ವರ್ಡ್ ಕೊಡುವುದಲ್ಲ, ಆಪ್‌ನ ಶೇರ್ ಆಯ್ಕೆಯಿಂದ ನೋಡುವ ಅನುಮತಿ ಕೊಡಬೇಕು. ಬೇಡವೆಂದಾಗ ತೆಗೆಯಬಹುದು.

ಡಿವಿಆರ್‌ನ ಪಾಸ್‌ವರ್ಡ್ ಬೇರೆಯೇ ವಿಷಯ. ಅಡ್ಮಿನ್, 12345 ಎಂದು ಹಾಗೇ ಬಿಟ್ಟವರು ಈಗಲೂ ಇದ್ದಾರೆ. 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಫ್ಯಾಕ್ಟರಿ ಪಾಸ್‌ವರ್ಡ್‌ಗಳನ್ನೇ ಬಳಸಿ ಕ್ಯಾಮರಾ, ಡಿವಿಆರ್‌ಗಳ ದೊಡ್ಡ ಸೇನೆ ಕಟ್ಟಿ ಅಮೆರಿಕದ ಪ್ರಮುಖ ವೆಬ್‌ಸೈಟ್‌ಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತ್ತು. ಅದು ದೂರದ ಮಾತು ಅನಿಸಿದರೆ, 2025ರ ಫೆಬ್ರವರಿಯಲ್ಲಿ ಗುಜರಾತ್‌ನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರನ್ನು ಪರೀಕ್ಷಿಸುವ ದೃಶ್ಯ ಸಿಸಿಟಿವಿಯಿಂದ ಸೋರಿ ಹಣಕ್ಕೆ ಮಾರಾಟವಾದದ್ದು ನೆನಪಿಸಿಕೊಳ್ಳಬಹುದು. ಬಟ್ಟೆ ಅಂಗಡಿಯವರು ಟ್ರಯಲ್ ರೂಮಿನತ್ತ ಕ್ಯಾಮರಾ ತಿರುಗಿಸಲೇಬಾರದು. ಭಾರತೀಯ ನ್ಯಾಯ ಸಂಹಿತೆಯ ಕಲಂ 77ರಡಿ ಅದು ಜೈಲಿಗೆ ದಾರಿ. ಹೊಸದಾಗಿ ಕ್ಯಾಮರಾ ಕೊಳ್ಳುವವರು ಎಸ್‌ಟಿಕ್ಯುಸಿ ಪ್ರಮಾಣೀಕರಣ ಇದೆಯೇ ಕೇಳಿ ಕೊಳ್ಳುವುದು ಒಳ್ಳೆಯದು. 2025ರ ಏಪ್ರಿಲ್‌ನಿಂದ ಸರಕಾರ ಈ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ.

ಡೇಟಾ ಖಾಲಿಯಾಗ್ತದಾ? ಪಿಟುಪಿಯಲ್ಲಿ ನೋಡುವಾಗ ಮಾತ್ರ ಹೆಚ್ಚು ಖರ್ಚು. ಅರ್ಧ ಎಂಬಿಪಿಎಸ್‌ನ ಒಂದು ಕ್ಯಾಮರಾವನ್ನು ಒಂದು ಗಂಟೆ ನೋಡಿದರೆ ಸುಮಾರು 225 ಎಂಬಿ. ದಿನಪೂರ್ತಿ ಕ್ಲೌಡ್‌ಗೆ ರೆಕಾರ್ಡ್ ಮಾಡಲು ಹೊರಟರೆ ಮಾತ್ರ ಸಿಮ್ ತಾಳುವುದಿಲ್ಲ. 2 ಎಂಬಿಪಿಎಸ್‌ನ ಒಂದು ಕ್ಯಾಮರಾ ದಿನಕ್ಕೆ 21 ಜಿಬಿ ದಾಟ್ತದೆ. ರೆಕಾರ್ಡಿಂಗ್ ಡಿವಿಆರ್‌ನ ಹಾರ್ಡ್‌ಡಿಸ್ಕ್‌ನಲ್ಲೇ ಇರಲಿ. ಅದೇ ಗುಣಮಟ್ಟದ ನಾಲ್ಕು ಕ್ಯಾಮರಾಗಳಿಗೆ 1 ಟಿಬಿ ಡಿಸ್ಕ್ ಹನ್ನೊಂದು ದಿನದಷ್ಟು ಬರ್ತದೆ. ಕರೆಂಟ್ ಹೋದಾಗ ಡಿವಿಆರ್, ಕ್ಯಾಮರಾ, ರೂಟರ್ ಮೂರಕ್ಕೂ ಯುಪಿಎಸ್ ಬೇಕು. ರೂಟರ್ ಒಂದನ್ನೇ ಬಿಟ್ಟರೂ ಮೊಬೈಲಿನಲ್ಲಿ ಆಫ್‌ಲೈನ್.

ಎಲ್ಲರೂ ಮರೆಯುವುದು ಗಡಿಯಾರ. ಡಿವಿಆರ್‌ನ ಟೈಮ್ ಝೋನ್ ಜಿಎಂಟಿ +5:30 ಇದೆಯೇ, ಎನ್‌ಟಿಪಿ ಆನ್ ಇದೆಯೇ ನೋಡಬೇಕು. ಕಳವಾದ ದಿನ ದೃಶ್ಯದಲ್ಲಿ ಬೇರೆಯೇ ತಾರೀಕು ಇದ್ದರೆ ಪೊಲೀಸರ ಮುಂದೆ ವಿವರಿಸುತ್ತಾ ಕೂರಬೇಕಾಗ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಇಂಥ ದೃಶ್ಯದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರವೂ ಬೇಕು. ಮೊಬೈಲ್ ಪರದೆಯನ್ನು ಇನ್ನೊಂದು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸಾಪ್‌ಗೆ ಹಾಕಿದ್ದು ಊರಿಗೆ ಸುದ್ದಿ ಆಗ್ತದೆ, ಸಾಕ್ಷ್ಯಕ್ಕೆ ಅದನ್ನು ನಂಬಿ ಕೂರುವ ಹಾಗಿಲ್ಲ. ಡಿಸ್ಕ್ ತುಂಬಿ ಹಳೆಯದು ಅಳಿಯುವ ಮೊದಲೇ ಆ ಹೊತ್ತಿನ ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿಡಬೇಕು.

ಟೆಕ್ನಿಷಿಯನ್‌ಗೆ ಹಣ ಕೊಡುವ ಮೊದಲು ಒಂದು ಪರೀಕ್ಷೆ ಬಾಕಿ. ಅಂಗಡಿಯ ವೈಫೈಯಲ್ಲೇ ಇದ್ದು ಮೊಬೈಲಿನಲ್ಲಿ ದೃಶ್ಯ ಕಂಡರೆ ದೂರದಿಂದಲೂ ಕಾಣ್ತದೆ ಎಂದಲ್ಲ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ರಸ್ತೆಗೆ ಬಂದು ತೆರೆದು ನೋಡಬೇಕು. ಆಮೇಲೆ ಡಿವಿಆರನ್ನೂ ರೂಟರನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿಸಬೇಕು. ಐದು ನಿಮಿಷದೊಳಗೆ ಯಾರ ಕೈಯೂ ತಾಗದೆ ಅದು ತಾನಾಗಿ ಆನ್‌ಲೈನ್ ಬಂದರೆ ಹಣ ಕೊಡಬಹುದು.