ಕಡಲತಡಿಯ ಹವೆ: ಉಷ್ಣಮಾಪಕ ಹೇಳದ ಮಾತು

ಬೇಸಿಗೆಯ ರಜೆ ಬಂದೊಡನೆ ನಮ್ಮ ಬಯಲುಸೀಮೆಯ ಭಕ್ತಕುಟುಂಬಗಳು ಕರಾವಳಿಯ ಕಡೆಗೆ ಯಾತ್ರೆ ಹೊರಡುವುದು ವಾಡಿಕೆ. ಗೋಕರ್ಣ, ಮುರುಡೇಶ್ವರ, ಕೊಲ್ಲೂರು, ಧರ್ಮಸ್ಥಳ ಎಂದು ಪಟ್ಟಿ ಬೆಳೆಯುತ್ತದೆ. ಊರಿನಲ್ಲಿ 41 ಡಿಗ್ರಿ, ಅಲ್ಲಿ 34 ಮಾತ್ರ. ಆದ್ದರಿಂದ ತಂಪಾಗಿರುವುದೆಂಬ ನಂಬಿಕೆ ಎಲ್ಲರದು. ಕಳೆದ ಏಪ್ರಿಲ್‌ನಲ್ಲಿ ನಾವೂ ಅಂಥದೊಂದು ತಂಡದೊಡನೆ ಹೋಗಿದ್ದೆವು. ಎರಡನೆಯ ದಿನ ನಡುಹಗಲಿನಲ್ಲಿ, ದರ್ಶನದ ಸಾಲಿನಲ್ಲಿ ನಿಂತಿದ್ದ ಎಪ್ಪತ್ತರ ಹಿರಿಯರೊಬ್ಬರು ತಲೆಸುತ್ತಿ ಕುಸಿದರು. ಅಂಗಿಯನ್ನು ಹಿಂಡಿದರೆ ನೀರು ಸುರಿಯುವಷ್ಟು ಬೆವರು. ನೆರಳಿನಲ್ಲಿ ಚೇತರಿಸಿಕೊಂಡ ಮೇಲೆ ಅವರು ಕೇಳಿದ್ದು ಇಷ್ಟೇ: “ಇದಕ್ಕಿಂತ ಹೆಚ್ಚಿನ ಬಿಸಿಲಾಗ ಹೊಲ ಹರಗೀನಿ. ಇಲ್ಲಿ ನನಗೇನಾತು?”

ಅವರ ಪ್ರಶ್ನೆ ನ್ಯಾಯವಾದುದು. ಕರಾವಳಿಯ ಹವೆ ಸೌಮ್ಯವೆಂಬುದು ಸುಳ್ಳಲ್ಲ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಇವೆರಡರ ನಡುವಿನ ಕಿರಿದಾದ ಪಟ್ಟಿಯೇ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳ ಕಡಲತೀರ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಗಲು ನೆಲ ಕಾದಾಗ ಕಡಲಿನಿಂದ ಗಾಳಿ ಒಳನುಗ್ಗಿ ಬಿಸಿಯನ್ನು ತಗ್ಗಿಸುತ್ತದೆ. ಇರುಳಿನಲ್ಲಿ ಅದೇ ಕಡಲು ಚಳಿಯನ್ನು ತಡೆಯುತ್ತದೆ. ಹೀಗಾಗಿ ಮಂಗಳೂರಿನಲ್ಲಿ ಚಳಿಗಾಲದ ರಾತ್ರಿಯೂ ಬಹುತೇಕ 20 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ; ಕಲಬುರಗಿ, ವಿಜಯಪುರಗಳಲ್ಲಿ 40 ದಾಟುವ ಮೇ ತಿಂಗಳಿನಲ್ಲಿ ಅಲ್ಲಿ 35 ಆದರೇ ಹೆಚ್ಚು. ಆದರೆ ಬಿಸಿಯನ್ನು ತಗ್ಗಿಸುವ ಕಡಲು ಗಾಳಿಯಲ್ಲಿ ತೇವವನ್ನೂ ತುಂಬುತ್ತದೆ. ಉಷ್ಣಮಾಪಕ ಅದನ್ನು ತೋರಿಸುವುದಿಲ್ಲ.

ನಮ್ಮ ಮನೆಯ ಮಣ್ಣಿನ ಗಡಿಗೆಯನ್ನು ನೆನೆಯೋಣ. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಆದುದರಿಂದಲೇ ನೀರು ತಣ್ಣಗಿರುವುದು. ಬೇಸಿಗೆಯಲ್ಲಿ ಮನೆಮನೆಗೂ ತರುವ ಕೂಲರ್‌ನ ಗುಟ್ಟೂ ಇದೇ. ಕಲಬುರಗಿಯಲ್ಲಿ ಚಳಿ ಹುಟ್ಟಿಸುವ ಆ ಕೂಲರನ್ನು ಮಂಗಳೂರಿಗೆ ಒಯ್ದರೆ ಕೋಣೆ ಇನ್ನಷ್ಟು ಜಿಗುಟಾಗುವುದೇ ಹೊರತು ತಂಪಾಗದು. ಏಕೆಂದರೆ ತೇವ ತುಂಬಿದ ಗಾಳಿ ಮತ್ತಷ್ಟು ಆವಿಯನ್ನು ಹೀರಲಾರದು. ನಮ್ಮ ದೇಹವೂ ಅಂಥದೇ ಒಂದು ಗಡಿಗೆ. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಹನಿಹನಿಯಾಗಿ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದಾಗುವ ಲಾಭ ಏನೂ ಇಲ್ಲ. ನೀರೂ ಉಪ್ಪೂ ಕಳೆದುಹೋದದ್ದೇ ಬಂತು.

ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಈ ವ್ಯತ್ಯಾಸ ಅಂಕಿಗಳಲ್ಲಿಯೇ ಕಾಣುತ್ತದೆ. 41 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ. 15 ಇರುವಲ್ಲಿ ಅದು ಸುಮಾರು 21ಕ್ಕೆ ಇಳಿಯುತ್ತದೆ. 34 ಡಿಗ್ರಿ ಇದ್ದು ತೇವಾಂಶ ಶೇ. 65 ಇರುವಲ್ಲಿ 28ಕ್ಕಿಂತ ಕೆಳಗೆ ಬಾರದು. ಬೆವರುವ ದೇಹಕ್ಕೆ ಹೆಚ್ಚು ಕಷ್ಟ ಕೊಡುವುದು ಎರಡನೆಯದು. ಒದ್ದೆ ಬಟ್ಟೆಯ ಈ ಅಂಕಿ 35ನ್ನು ಮುಟ್ಟಿದರೆ ಆರೋಗ್ಯವಂತನ ದೇಹಕ್ಕೂ ಶಾಖವನ್ನು ಹೊರಹಾಕುವ ದಾರಿ ಮುಚ್ಚಿಹೋಗುತ್ತದೆ. ವಯಸ್ಸಾದವರು ಅದಕ್ಕಿಂತ ಬಹಳ ಮೊದಲೇ ಬಳಲುತ್ತಾರೆ.

ಭಾರತೀಯ ಹವಾಮಾನ ಇಲಾಖೆಯೂ ಇದನ್ನು ಗಣನೆಗೆ ತೆಗೆದುಕೊಂಡಿದೆ. ಬಯಲು ಪ್ರದೇಶದಲ್ಲಿ ಬಿಸಿಗಾಳಿಯನ್ನು ಪರಿಗಣಿಸಲು ಉಷ್ಣತೆ ಕನಿಷ್ಠ 40 ಡಿಗ್ರಿಯಿರಬೇಕು. ಕರಾವಳಿಗೆ 37 ಸಾಕು, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಾಗಿದ್ದರೆ. ಪೂರ್ವದ ನೆಲಗಾಳಿ ಬಲವಾಗಿ ಬೀಸಿ ಕಡಲಗಾಳಿ ತಡವಾದ ದಿನ ಆ ಮಟ್ಟ ಮುಟ್ಟುವುದುಂಟು.

ಅಲ್ಲಿಯ ಜನ ಈ ಹವೆಯನ್ನು ಅರಿತೇ ಬಾಳಿದ್ದಾರೆ. ಒಣ ಬಿಸಿಲಿನ ನಮಗೆ ರುಮಾಲು, ತುಂಬುತೋಳಿನ ಅಂಗಿ, ದಪ್ಪ ಗೋಡೆಯ ಮಾಳಿಗೆ ಮನೆ ರಕ್ಷೆ. ಅವರಿಗೆ ತೆಳು ಪಂಚೆ, ಹೆಗಲ ಮೇಲೊಂದು ಬೈರಾಸು, ಗಾಳಿಯಾಡುವ ಇಳಿಜಾರು ಮಾಡು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಮಾಡಿಗೆ ಕೆಂಪು ಹೆಂಚು ಬಂದಿತು. ಊಟದಲ್ಲಿಯೂ ಅದೇ ಜಾಣ್ಮೆ. ಕುಚ್ಚಲಕ್ಕಿ ಗಂಜಿಗೆ ಉಪ್ಪು, ಜೊತೆಗೊಂದು ಉಪ್ಪಿನಕಾಯಿ ಮಿಡಿ: ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಮರಳಿ ಬಂದವು. ಪುನರ್ಪುಳಿಯ ಪಾನಕವನ್ನು ನಮ್ಮ ತಂಡದ ತಾಯಂದಿರು ಮೊದಲು ಅನುಮಾನದಿಂದ ನೋಡಿ, ಬರುವಾಗ ಒಣಸಿಪ್ಪೆಯನ್ನು ಕಟ್ಟಿಸಿಕೊಂಡೇ ಬಂದರು.

ಹೊಸ ಹವೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಯಾತ್ರೆ ಮುಗಿಯುವುದು ನಾಲ್ಕು ದಿನಗಳಲ್ಲಿ. ಆದ್ದರಿಂದ ದರ್ಶನ, ತಿರುಗಾಟಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಇಳಿಹೊತ್ತಿಗೆ ಇಟ್ಟುಕೊಳ್ಳುವುದು ಲೇಸು. ನೈಲಾನ್ ಬಟ್ಟೆಗಳನ್ನು ಮನೆಯಲ್ಲಿಯೇ ಬಿಡಬೇಕು. ಒಣಗದ ಒಳಉಡುಪನ್ನು ತೊಡಬಾರದು. ತೊಡೆಸಂದಿಯ ಗಜಕರ್ಣ ಹಬ್ಬುವುದು ಅಂಥ ತೇವದಲ್ಲಿಯೇ. ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯುತ್ತಿರಬೇಕು.

ಇಲ್ಲೊಂದು ಎಚ್ಚರಿಕೆ ಅವಶ್ಯ. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತವೆ. ನಮ್ಮ ಆ ಹಿರಿಯರೂ ಅಂಥದೊಂದನ್ನು ನುಂಗಿ, ಶೌಚಾಲಯದ ತೊಂದರೆಗೆ ಅಂಜಿ, ಬೆಳಗಿನಿಂದ ನೀರನ್ನೇ ಕುಡಿದಿರಲಿಲ್ಲ! ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ಮೂತ್ರಪಿಂಡದ ಕಾಯಿಲೆಯವರು ಎಳನೀರನ್ನೂ ಕೇಳಿಯೇ ಕುಡಿಯಬೇಕು, ಅದರಲ್ಲಿ ಪೊಟ್ಯಾಸಿಯಂ ಹೇರಳ. ರಕ್ತದೊತ್ತಡವಿರುವವರು ಉಪ್ಪನ್ನು ಹೆಚ್ಚಿಸುವುದೂ ವೈದ್ಯರ ಮಾತಿನಂತೆಯೇ ಆಗಲಿ.

ತಲೆಸುತ್ತು, ಓಕರಿಕೆ, ಕಾಲಿನ ಸೆಳೆತ ಕಂಡೊಡನೆ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಕಾಲನ್ನು ತುಸು ಎತ್ತರಿಸಿ ಮಲಗಿಸಿ, ಗುಟುಕು ಗುಟುಕಾಗಿ ಉಪ್ಪು-ಸಕ್ಕರೆಯ ನೀರು ಕೊಡಬೇಕು. ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಬೆವರುತ್ತಿದ್ದಾರಲ್ಲ ಎಂದು ಸುಮ್ಮನಿರಲಾಗದು, ಬೆವರುವಾಗಲೂ ಅದು ಬರಬಹುದು. ಒಡನೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆ ತಣ್ಣೀರು ಸುರಿಯುತ್ತ ಜೋರಾಗಿ ಗಾಳಿ ಬೀಸುತ್ತಿರಬೇಕು. ಕರಾವಳಿಯಲ್ಲಿ ಹಣೆಗೊಂದು ಒದ್ದೆ ಬಟ್ಟೆ ಸಾಲದು. ಕುತ್ತಿಗೆ, ಕಂಕುಳು, ತೊಡೆಸಂದಿಗಳಿಗೆ ಮಂಜುಗಡ್ಡೆಯ ಚೀಲ ಇಡಬೇಕು. ತಿನಿಸುಗಳ ಅಂಗಡಿಗಳಲ್ಲಿ ಅದು ಸಿಗುತ್ತದೆ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಕೂಡದು.