ಕೊನೆಯ ಮಾತು ಯಾರದು?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಬ್ಯಾಂಕುಗಳ ಸರ್ವರ್ ನೋಡಿಕೊಳ್ಳುವವರಿಗೆ ಭಾನುವಾರ ಬೆಳಗ್ಗೆ ಬಿಡುವು ಸಿಗುವ ಖಾತರಿ ಇಲ್ಲ. ಅಲ್ಲಿ ಆಗಿನ್ನೂ ಶನಿವಾರ ರಾತ್ರಿ, ಗ್ರಾಹಕರ ಓಡಾಟ ಕಡಿಮೆ. ಸಾಫ್ಟ್‌ವೇರಿನಲ್ಲಿ ಏನಾದರೂ ಬದಲಾಯಿಸುವುದಿದ್ದರೆ ಆ ಹೊತ್ತೇ ಸರಿ. ಆದರೆ ಅದಕ್ಕೂ ಮುಂಚೆ ಒಂದು ಚೇಂಜ್ ಟಿಕೆಟ್ ಹಾಕಿರಬೇಕು. ಬದಲಾವಣೆ ಕೇಳಿದವರು ಯಾರು, ಮಾಡುವವರು ಯಾರು, ಟೆಸ್ಟ್ ಮಾಡಿದವರು ಯಾರು, ಕೆಟ್ಟರೆ ಹಿಂದಿನ ಸ್ಥಿತಿಗೆ ತರುವುದು ಹೇಗೆ, ಅದಕ್ಕೆ ಎಷ್ಟು ನಿಮಿಷ ಬೇಕು ಎಂಬುದೆಲ್ಲ ಅದರಲ್ಲಿರಬೇಕು. ಚೇಂಜ್ ಮ್ಯಾನೇಜರ್ ಅದನ್ನು 'ಕ್ಯಾಬ್' ಎಂದು ಎಲ್ಲರೂ ಕರೆಯುವ ಚೇಂಜ್ ಅಡ್ವೈಸರಿ ಬೋರ್ಡಿನ ಮುಂದಿಡುತ್ತಾರೆ. ಅಲ್ಲಿ ಅಪ್ರೂವಲ್ ಸಿಕ್ಕರೆ ಕೆಲಸ ಶುರು.

ಇಂಥ ಮಂಡಳಿಗಳನ್ನು ಹುಟ್ಟುಹಾಕಿದವರು ಐಟಿಯವರಲ್ಲ. ಅಮೆರಿಕದ ವಾಯುಪಡೆ ತನ್ನ ಕ್ಷಿಪಣಿ ಯೋಜನೆಗಳಲ್ಲಿ ಇದನ್ನು ಮೊದಲೇ ರೂಢಿಸಿಕೊಂಡಿತ್ತು. ಅದರ ಅತ್ಯಂತ ಚೊಕ್ಕ ರೂಪ ಕಂಡದ್ದು ಹ್ಯೂಸ್ಟನ್‌ನ ನಾಸಾ ಕೇಂದ್ರದಲ್ಲಿ. 1967ರ ಜನವರಿ 27ರಂದು ಅಪೊಲೊ-1ರ ನೆಲಪರೀಕ್ಷೆ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡು ಮೂವರು ಗಗನಯಾತ್ರಿಗಳು ಸತ್ತರು. ಏಪ್ರಿಲ್‌ನಲ್ಲಿ ಗಗನನೌಕೆ ಯೋಜನೆಯ ಹೊಣೆ ಜಾರ್ಜ್ ಲೋ ಅವರಿಗೆ ಬಂತು. ಜೂನ್‌ನಿಂದ ಅವರು ಪ್ರತಿ ಶುಕ್ರವಾರ ಮಧ್ಯಾಹ್ನ 12ಕ್ಕೆ ಸರಿಯಾಗಿ ಒಂದು ಸಭೆ ಕರೆಯತೊಡಗಿದರು. ನೌಕೆಯಲ್ಲಿ ಏನೇ ಬದಲಾಗಬೇಕಿದ್ದರೂ ಅದು ಆ ಮೇಜಿನ ಮುಂದೆ ಬರಬೇಕಿತ್ತು.

ಆ ಮೇಜಿನ ಸುತ್ತ ಕೂತವರನ್ನು ನೋಡಿ. ವಿನ್ಯಾಸದ ಪರವಾಗಿ ಮ್ಯಾಕ್ಸ್ ಫ್ಯಾಗೆಟ್, ಹಾರಾಟ ನಿಯಂತ್ರಣದ ಪರವಾಗಿ ಕ್ರಿಸ್ ಕ್ರಾಫ್ಟ್, ಗಗನಯಾತ್ರಿಗಳ ಪರವಾಗಿ ಡೀಕ್ ಸ್ಲೇಟನ್. ಜೊತೆಗೆ ನೌಕೆ ಕಟ್ಟುವ ಕಂಪನಿಗಳ ಮುಖ್ಯಸ್ಥರು. ಕಟ್ಟುವವರು, ಹಾರಿಸುವವರು, ಅದರೊಳಗೆ ಕೂರುವವರು ಎಲ್ಲರೂ ಒಂದೇ ಕೋಣೆಯಲ್ಲಿ. ವಾದ ಬಿಸಿಯೇರಿ ಎಷ್ಟೋ ಸಲ ರಾತ್ರಿಯವರೆಗೂ ಎಳೆಯುತ್ತಿತ್ತು. ಕೊನೆಗೆ ತೀರ್ಮಾನ ಲೋ ಒಬ್ಬರದೇ. ಅದು ಯಾರಿಗೆ ಹೆಚ್ಚು ಕಹಿಯೋ ಅವರ ಎದುರಿನಲ್ಲೇ ಕಾರಣ ಹೇಳಿ ಮುಗಿಸುತ್ತಿದ್ದೆ ಎಂದು ಅವರು ಆಮೇಲೆ ಬರೆದುಕೊಂಡಿದ್ದಾರೆ. 1969ರ ಜುಲೈವರೆಗೆ 90 ಸಭೆ ನಡೆದವು. ಬಂದ 1,697 ಬದಲಾವಣೆಗಳಲ್ಲಿ 1,341ಕ್ಕೆ ಒಪ್ಪಿಗೆ ಸಿಕ್ಕಿತು. ಐದರಲ್ಲಿ ಸುಮಾರು ನಾಲ್ಕು ಪಾಸು! ತಡೆಯುವುದಕ್ಕೆಂದೇ ಕೂತ ಮಂಡಳಿಯ ಲೆಕ್ಕ ಹೀಗಿರುವುದಿಲ್ಲ.

ಐಟಿಯ ಸರದಿ ಬಂದದ್ದು ಆಮೇಲೆ. 1980ರ ದಶಕದ ಕೊನೆಗೆ ಬ್ರಿಟನ್ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿಸಿಟಿಎ, ಸರ್ಕಾರಿ ಇಲಾಖೆಗಳ ಐಟಿ ಕೆಲಸಕ್ಕೊಂದು ಶಿಸ್ತು ತರಲು ಸಾಲಾಗಿ ಪುಸ್ತಕಗಳನ್ನು ಹೊರತಂದಿತು. ಅದೇ ಐಟಿಐಎಲ್. ಚೇಂಜ್ ಮ್ಯಾನೇಜರ್, ಅಡ್ವೈಸರಿ ಬೋರ್ಡ್, ತುರ್ತು ಬದಲಾವಣೆಗೆ ಬೇರೆಯೇ ಒಂದು ಚಿಕ್ಕ ಸಮಿತಿ, ಎಲ್ಲ ಪಾತ್ರಗಳೂ ಜಗತ್ತಿನ ಕಚೇರಿಗಳಿಗೆ ಹರಡಿದ್ದು ಅಲ್ಲಿಂದ. ಪುಸ್ತಕದ ಪ್ರಕಾರ ಮಂಡಳಿಯದು ಸಲಹೆ ಮಾತ್ರ, ಅನುಮತಿ ಕೊಡುವ ಅಧಿಕಾರಿ ಬೇರೆ. ಕಚೇರಿಗಳಲ್ಲಿ ಮಾತ್ರ ಮಂಡಳಿಯೇ ಮೊಹರು ಒತ್ತುವ ಜಾಗವಾಯಿತು. ಎನ್ರಾನ್ ಕಂಪನಿಯ ಲೆಕ್ಕಪತ್ರ ಹಗರಣದ ಬೆನ್ನಿಗೆ 2002ರಲ್ಲಿ ಅಮೆರಿಕದ ಸಾರ್ಬೇನ್ಸ್-ಆಕ್ಸ್ಲೆ ಕಾಯ್ದೆ ಬಂದಮೇಲೆ, ಕೋಡ್ ಬರೆದವರೇ ಅದನ್ನು ಪ್ರೊಡಕ್ಷನ್‌ಗೆ, ಅಂದರೆ ನಿಜ ಬಳಕೆಯ ಸಿಸ್ಟಮ್‌ಗೆ, ಹಾಕಬಾರದೆಂದು ಆಡಿಟರುಗಳು ಪಟ್ಟು ಹಿಡಿದರು. ಸಹಿಗಳ ಸಂಖ್ಯೆ ಬೆಳೆಯಿತು. ಹತ್ತು ಜನ ಸಹಿ ಹಾಕಿದ ಕಡೆ ಹೊಣೆ ಯಾರ ತಲೆಗೂ ಅಂಟುವುದಿಲ್ಲ ಎಂಬುದು ನಮ್ಮ ಸರ್ಕಾರಿ ಫೈಲುಗಳನ್ನು ಕಂಡವರಿಗೆ ಹೊಸದೇನಲ್ಲ.

ಹಾಗೆಂದು ಯಾರೂ ಕೇಳದಿದ್ದರೆ? ಷೇರು ವಹಿವಾಟಿನ ನೈಟ್ ಕ್ಯಾಪಿಟಲ್ ಕಂಪನಿಯ ಕಥೆ ಕೇಳಿ. ಹೊಸ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು. ತಂತ್ರಜ್ಞರೊಬ್ಬರು ಏಳಕ್ಕೆ ಹಾಕಿ ಎಂಟನೆಯದನ್ನು ಮರೆತರು. ಇನ್ನೊಬ್ಬರು ಮರುಪರಿಶೀಲಿಸಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ. 2012ರ ಆಗಸ್ಟ್ 1ರ ಬೆಳಗ್ಗೆ, ಮಾರುಕಟ್ಟೆ ತೆರೆಯುವ ಮೊದಲೇ, ಏನೋ ಸರಿಯಿಲ್ಲವೆಂದು ಸಿಸ್ಟಮ್ 97 ಇಮೇಲ್ ಕಳಿಸಿತ್ತು. ಅವನ್ನು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಮಾರುಕಟ್ಟೆ ತೆರೆದದ್ದೇ ತಡ, ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡು ಎಂಟನೆಯ ಸರ್ವರಿನಲ್ಲಿ ಎದ್ದು ಕೂತಿತು. ಗಾಬರಿಯಲ್ಲಿ ಕಂಪನಿಯವರು ಸರಿಯಿದ್ದ ಏಳು ಸರ್ವರುಗಳಿಂದಲೂ ಹೊಸ ಕೋಡನ್ನು ತೆಗೆದರು. ಆಗ ಆ ಏಳೂ ಹಾಗೆಯೇ ಕೆಟ್ಟವು. 45 ನಿಮಿಷದಲ್ಲಿ 46 ಕೋಟಿ ಡಾಲರ್ ಮಂಗಮಾಯ. ಚೇಂಜ್ ಟಿಕೆಟ್ಟಿನ ಬ್ಯಾಕ್-ಔಟ್ ಪ್ಲಾನ್ ಎಂಬ ಕಾಲಮ್ಮಿಗೆ 'ಹಳೆಯ ವರ್ಷನ್ ಹಾಕುವುದು' ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವವರು ಇದನ್ನು ಓದಬೇಕು.

ಕ್ಯಾಬ್‌ಗೂ ಪೆಟ್ಟು ಬಿತ್ತು. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು 2018ರ 'ಆ್ಯಕ್ಸಿಲರೇಟ್' ಪುಸ್ತಕದಲ್ಲಿ, ತಂಡದ ಹೊರಗಿನ ಮಂಡಳಿಯ ಒಪ್ಪಿಗೆ ಕೆಲಸವನ್ನು ನಿಧಾನಿಸುತ್ತದೆ, ತಪ್ಪನ್ನೇನೂ ಕಡಿಮೆ ಮಾಡುವುದಿಲ್ಲ ಎಂದು ತೋರಿಸಿದರು. ಪಕ್ಕದಲ್ಲಿ ಕೂತ ಸಹೋದ್ಯೋಗಿ ಕೋಡ್ ಓದುವುದೇ ಮೇಲು ಎಂಬುದು ಅವರ ಸಲಹೆ. 2019ರ ಐಟಿಐಎಲ್ 4 ಕೂಡ ಅನುಮತಿಯ ಅಧಿಕಾರವನ್ನು ಕೆಳಗಿನ ತಂಡಗಳಿಗೆ ಹಂಚಲು ಒಪ್ಪಿತು.

ನನಗಿದು ಅಚ್ಚರಿಯಲ್ಲ. ಲೋ ಅವರ ಸಭೆ ನಡೆದದ್ದು ವಿಷಯ ಬಲ್ಲವರಿಂದ ಮತ್ತು ತೀರ್ಮಾನ ತನ್ನದೆಂದು ಹೇಳಿಕೊಳ್ಳುವ ಒಬ್ಬ ಮನುಷ್ಯನಿಂದ. ನಕಲಾದದ್ದು ಸಭೆ ಮಾತ್ರ.

ಆ ಒಬ್ಬ ಮನುಷ್ಯ ಯಾರೆಂದು ಈಗ ಬೇರೆ ದಾರಿಯಲ್ಲಿ ಕೇಳಲಾಗುತ್ತಿದೆ. ಬ್ರಿಟನ್ 2016ರಲ್ಲಿ ಬ್ಯಾಂಕುಗಳ ಹಿರಿಯ ಅಧಿಕಾರಿಗಳಿಗೆ ಹೆಸರು ಹಿಡಿದು ಹೊಣೆ ಗೊತ್ತುಮಾಡುವ ನಿಯಮ ತಂದಿದೆ. 2018ರ ಏಪ್ರಿಲ್‌ನಲ್ಲಿ ಟಿಎಸ್‌ಬಿ ಬ್ಯಾಂಕ್ ತನ್ನ ಗ್ರಾಹಕರನ್ನು ಹೊಸ ಸಿಸ್ಟಮ್‌ಗೆ ಸಾಗಿಸಿದಾಗ, 19 ಲಕ್ಷ ಜನರಿಗೆ ತಮ್ಮ ಖಾತೆಯೇ ತೆರೆಯದಾಯಿತು. ಸಿಸ್ಟಮ್ ಕಟ್ಟಿದ್ದು ಮಾತೃಸಂಸ್ಥೆಯ ಐಟಿ ಕಂಪನಿ. ತಾನು ಸಿದ್ಧ ಎಂದು ಅದು ಮೊದಲೇ ಬರೆದುಕೊಟ್ಟಿತ್ತು. ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. 2023ರ ಏಪ್ರಿಲ್‌ನಲ್ಲಿ, ಹೊರಗಿನವರಿಗೆ ವಹಿಸಿದ ಆ ಕೆಲಸದ ಮೇಲೆ ತಕ್ಕ ನಿಗಾ ಇಡಲಿಲ್ಲವೆಂದು ಬ್ಯಾಂಕಿನ ಮಾಜಿ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಹಾಕಲಾಯಿತು.